ಮೊದಲು ಓನರ್‌ಗೆ ಒಂದು ಕಾಗದ, ಆಮೇಲೆ ದಂಟಿನ ಬೀಜ

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ನಿಮ್ಮ ಬೀದಿಯಲ್ಲಿ ಒಂದು 30x40 ಸೈಟು ವರ್ಷಗಟ್ಟಲೆ ಖಾಲಿ ಬಿದ್ದಿದೆ, ಜನ ಕಸ ಸುರೀತಾರೆ. ನಾಲ್ಕೈದು ಮನೆಯವರು ಸೇರಿ ಅಲ್ಲಿ ಸಾವಯವ ತರಕಾರಿ ಬೆಳೆಯಬಹುದಾ?

ಬೆಳೆಯಬಹುದು. ನಮ್ಮ ಬೀದಿಯ ಐದು ಮನೆಯವರು ಮೂರು ವರ್ಷ ಬೆಳೆದೆವು. 1200 ಚದರಡಿ ಅಂದರೆ ಒಂದು ಗುಂಟೆಗಿಂತ ಚೂರು ಜಾಸ್ತಿ. ಊರಲ್ಲಿ ಅದು ಬರೀ ಹಿತ್ತಿಲು, ಇಲ್ಲಿ ಐದು ಮನೆಯ ಸೊಪ್ಪಿಗೆ ಧಾರಾಳ.

ಕಷ್ಟ ಇರುವುದು ಓನರ್ ಹತ್ತಿರ. ನಮ್ಮ ಸೈಟಿನ ಓನರ್ ಫೋನಿನಲ್ಲಿ ಮೊದಲು ಕೇಳಿದ್ದೇ "ಆಮೇಲೆ ಬಿಡಲ್ಲ ಅಂದ್ರೆ?" ಅಂತ. ಭಯ ಸುಳ್ಳಲ್ಲ. ಮಾಲೀಕರ ಒಪ್ಪಿಗೆಯಿಲ್ಲದೆ 12 ವರ್ಷ ಎಲ್ಲರ ಕಣ್ಣೆದುರೇ ಜಾಗ ಅನುಭವಿಸಿದವರು ಹಕ್ಕು ಸಾಧಿಸಲು ಕಾನೂನಿನಲ್ಲಿ ದಾರಿಯಿದೆ. ಒಪ್ಪಿಗೆ ಪಡೆದು ಕೂತವರಿಗೆ ಆ ದಾರಿಯಿಲ್ಲ. ಹಾಗಾಗಿ ನಾವೇ ಬರೆದು ಕೊಟ್ಟೆವು: ನಿಮ್ಮ ಅನುಮತಿ ಮೇಲೆ ಬೆಳೆಯುತ್ತಿದ್ದೇವೆ, ಬಾಡಿಗೆ ಇಲ್ಲ, ಹಕ್ಕು ಕೇಳಲ್ಲ, ನೀವು ಬಿಡಿ ಅಂದ ಒಂದು ತಿಂಗಳೊಳಗೆ ಬಿಡುತ್ತೇವೆ. ಐದೂ ಮನೆಯವರ ಸಹಿ. ಮಾರನೇ ದಿನವೇ ಹ್ಞೂಂ ಅಂದರು.

ಆಮೇಲೆ ಮಣ್ಣು. ಅದನ್ನು ಮಣ್ಣು ಅನ್ನೋಕೂ ನಾಚಿಕೆ. ಒಂದಡಿ ಅಗೆದರೆ ಟೈಲ್ಸ್ ಚೂರು, ಸಿಮೆಂಟ್ ಹೆಂಟೆ, ಒಂಟಿ ಚಪ್ಪಲಿ. ಸಿಮೆಂಟಿನ ಸುಣ್ಣಕ್ಕೆ ಮಣ್ಣು ಕ್ಷಾರವಾಗಿ ನಮ್ಮ ಮೊದಲ ಪಾಲಕ್ ಹಳದಿ ತಿರುಗಿ ಅಲ್ಲೇ ನಿಂತುಬಿಟ್ಟಿತು. ಕೊನೆಗೆ ಅಗೆಯೋದು ಬಿಟ್ಟು, ಒಡೆದ ಇಟ್ಟಿಗೆ ಜೋಡಿಸಿ ಒಂದಡಿ ಎತ್ತರದ ಮಡಿ ಕಟ್ಟಿದೆವು. ಕೆಮ್ಮಣ್ಣು ಒಂದು ಟೆಂಪೊ ತರಿಸಿದೆವು, ಉಳಿದದ್ದು ಗೊಬ್ಬರ. ಬೀದಿಯ ಒಣ ಎಲೆಯನ್ನು ಸುಡಬೇಡಿ, ನಮಗೆ ಕೊಡಿ ಅಂತ ಪೌರಕಾರ್ಮಿಕರನ್ನು ಕೇಳಿಕೊಂಡೆವು. ತಂತಿ ಬಲೆಯ ಗೂಡಿನಲ್ಲಿ ತುಂಬಿ, ಒದ್ದೆ ಮಾಡಿ, ನಡುನಡುವೆ ಒಂದೊಂದು ಬಕೆಟ್ ಸಗಣಿ ನೀರು ಹಾಕುತ್ತಿದ್ದೆವು. ಆರು ತಿಂಗಳಿಗೆ ಕೈಯಲ್ಲಿ ಹಿಡಿದರೆ ಕಾಫಿ ಪುಡಿ ಥರ ಉದುರುತ್ತಿತ್ತು. ಒಂದು ಮಾತು: ಅಲ್ಲಿ ಹಿಂದೆ ಬ್ಯಾಟರಿ ಅಥವಾ ಪೇಂಟ್ ಕಸ ಸುರಿದಿದ್ದರೆ ತಿನ್ನೋದು ಬೆಳೆಯಲೇಬೇಡಿ. ಸೀಸ ಸೊಪ್ಪಿನೊಳಗೆ ಸೇರಿಕೊಂಡರೆ ತೊಳೆದರೂ ಹೋಗಲ್ಲ.

ಕಾಂಗ್ರೆಸ್ ಗಿಡವನ್ನು (ಪಾರ್ಥೇನಿಯಂ ಕಳೆ) ಹೂ ಬಿಡುವ ಮುಂಚೆಯೇ ಕೀಳಿ, ಕೈಗವಸು ಹಾಕಿಕೊಂಡು.

ನೀರಿಗೆ ಕಾವೇರಿ ನಲ್ಲಿ ನಂಬಬೇಡಿ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಲ್ವಾ? ಅಕ್ಕಿ, ತರಕಾರಿ ತೊಳೆದ ನೀರು ಮನೆಗೆರಡು ಬಕೆಟ್ ಬಂದರೂ ಸಾಕಷ್ಟಾಯಿತು.

ಏನು ಹಾಕಬೇಕು? ಬೇಗ ಬರೋದು. ಮೆಂತ್ಯ, ದಂಟು, ಸಬ್ಬಸಿಗೆ, ಕೊತ್ತಂಬರಿ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ಸುಗುಣ ಅನ್ನೋ ತಳಿಯ ದಂಟನ್ನು ಕೊಯ್ದಷ್ಟೂ ಚಿಗುರುತ್ತೆ. ನಾನು ಆಸೆಪಟ್ಟು ಪಪ್ಪಾಯಿ, ನುಗ್ಗೆ ನೆಟ್ಟೆ. ಮೊದಲ ಕಾಯಿ ಬಿಡುವ ಹೊತ್ತಿಗೆ ಓನರ್ ಬೋರ್‌ವೆಲ್ ಕೊರೆಸಲು ಬಂದರು, ಲಾರಿ ನಿಂತದ್ದು ಸರಿಯಾಗಿ ಅದರ ಮೇಲೆ. ಕಾಗದ ಕೊಟ್ಟವರು ನಾವೇ, ಏನು ಮಾತಾಡೋದು?

ಜಗಳ ಬರೋದು ಕೊಯ್ಲಿಗೆ. ಕಳೆ ಕೀಳಲು ಇಬ್ಬರು, ಸೊಪ್ಪಿಗೆ ಹನ್ನೆರಡು ಜನ. ಯಾರು ಆ ವಾರ ನೀರು ಹಾಕಿದರೋ ಅವರದ್ದೇ ಮೊದಲ ಕಟ್ಟು ಅಂತ ಮಾಡಿದ ಮೇಲೆ ತಣ್ಣಗಾಯಿತು.

ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಸುಮ್ನೆ ಎರಚಿದರೆ ಒಂದೇ ಕಡೆ ಗುಪ್ಪೆ ಬೀಳುತ್ತೆ. ಒಂದು ಚಮಚ ಬೀಜಕ್ಕೆ ಎರಡು ಹಿಡಿ ಒಣ ಮರಳು ಬೆರೆಸಿ ಚೆಲ್ಲಿ. ಮಡಿ ಸುತ್ತ ಅಕ್ಕಿ ತರಿ ಉದುರಿಸಿ, ಇರುವೆ ಅದನ್ನು ಹೊರುವಷ್ಟರಲ್ಲಿ ಬೀಜ ಮೊಳೆತಿರುತ್ತೆ.