ಮ್ಯಾಟಿನ ಮುಗ್ಗಲು, ಹೂಪಿನ ಅಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಋತು ಬದಲಾಗುವ ಸಮಯದಲ್ಲಿ ಯೋಗ ಮತ್ತು ಹೂಪಿಂಗ್ (ದೊಡ್ಡ ಬಳೆಯಂಥ ಹೂಪನ್ನು ಸೊಂಟದ ಸುತ್ತ ತಿರುಗಿಸುವ ವ್ಯಾಯಾಮ) ಸಲಕರಣೆಗಳನ್ನು ಶುಚಿಗೊಳಿಸುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಳೆಗಾಲವಿಡೀ ಸುತ್ತಿಟ್ಟಿದ್ದ ರಬ್ಬರ್ ಮ್ಯಾಟನ್ನು ಬಿಚ್ಚಿದಾಗ ಮುಗ್ಗಲು ವಾಸನೆ ಬಂತು. ವಿನಿಗರ್ ಹಾಕಿ ತೊಳೆದು ಚೆನ್ನಾಗಿ ಬಿಸಿಲಿಗೆ ಒಣಗಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಬಿಸಿಲಿನ ಯೋಚನೆಯನ್ನು ಮೊದಲು ಕೈಬಿಡಿ. ಅತಿನೇರಳೆ ಕಿರಣ, ಶಾಖ ಮತ್ತು ಗಾಳಿಯಲ್ಲಿರುವ ಓಝೋನ್ ಸೇರಿ ನೈಸರ್ಗಿಕ ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುವುದರಿಂದ ಮ್ಯಾಟಿನ ಮೇಲ್ಮೈ ಬಿರುಕುಬಿಟ್ಟು ಪುಡಿಪುಡಿಯಾಗಿ ಉದುರಲು ತೊಡಗುತ್ತದೆ. ಎಣ್ಣೆಯೂ ರಬ್ಬರಿಗೆ ಆಗದು; ಆದ್ದರಿಂದ ಸುಗಂಧಕ್ಕೆಂದು ಸಸ್ಯತೈಲ ಬೆರೆಸಿದ ಸ್ಪ್ರೇಗಳನ್ನು ಬಳಸದಿರುವುದೇ ಒಳ್ಳೆಯದು. ವಿನಿಗರಿನ ಅಗತ್ಯವೂ ಇಲ್ಲಿಲ್ಲ.

ನಿಮ್ಮ ಮ್ಯಾಟ್ ನೀರು ಹೀರುವ ಬಗೆಯದೋ ಅಲ್ಲವೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅದರ ಮೇಲೆ ಒಂದು ಹನಿ ನೀರು ಬಿಟ್ಟು ಕೆಲವು ನಿಮಿಷ ಕಾಯಿರಿ. ಹನಿ ಇಂಗಿದರೆ ಅದು ತೆರೆದ ರಂಧ್ರಗಳ ಮ್ಯಾಟ್. ಕೈಗೆ ಒಳ್ಳೆಯ ಹಿಡಿತ ಕೊಡುವ ಅದೇ ರಂಧ್ರಗಳು ಬೆವರನ್ನೂ ಒಳಗೆಳೆದುಕೊಳ್ಳುತ್ತವೆ. ಉಗುರುಬೆಚ್ಚಗಿನ ನೀರಿಗೆ ಕೆಲವೇ ಹನಿ ಸೌಮ್ಯವಾದ ದ್ರವ ಸಾಬೂನು ಬೆರೆಸಿ, ಹಿಂಡಿದ ಮೆತ್ತನೆಯ ಬಟ್ಟೆಯಿಂದ ಎರಡೂ ಬದಿಗಳನ್ನು ಒರೆಸಿ, ನಂತರ ಬರೀ ನೀರಿನಲ್ಲಿ ಅದ್ದಿದ ಮತ್ತೊಂದು ಬಟ್ಟೆಯಿಂದ ಸಾಬೂನಿನ ಅಂಶ ಸಂಪೂರ್ಣವಾಗಿ ಹೋಗುವವರೆಗೆ ಒರೆಸಿರಿ. ತೊಳೆದ ಮೇಲೆ ಮ್ಯಾಟ್ ಜಾರುತ್ತದೆ ಎಂದು ದೂರುವವರ ಮ್ಯಾಟಿನಲ್ಲಿ ಹೆಚ್ಚಾಗಿ ಉಳಿದಿರುವುದು ಈ ಸಾಬೂನೇ.

ಒಣಗಿಸುವುದು ತೊಳೆಯುವುದಕ್ಕಿಂತ ಮುಖ್ಯವಾದ ಕೆಲಸ. ಮ್ಯಾಟಿನ ಮೇಲೆ ದಪ್ಪ ಟವೆಲ್ ಹಾಸಿ, ಎರಡನ್ನೂ ಒಟ್ಟಿಗೆ ಸುರುಳಿ ಸುತ್ತಿ, ಮೇಲಿನಿಂದ ಒತ್ತಿದರೆ ಒಳಗಿನ ನೀರು ಟವೆಲಿಗೆ ಇಳಿಯುತ್ತದೆ. ಆಮೇಲೆ ನೆರಳಿನಲ್ಲಿ, ಗಾಳಿಯಾಡುವಲ್ಲಿ, ಅಗಲವಾದ ಕಂಬಿಯ ಮೇಲೆ ಇಳಿಬಿಡಿ. ತೆಳ್ಳನೆಯ ಹಗ್ಗದ ಮೇಲೆ ಹಾಕಿದರೆ ಮಡಿಕೆಯ ಗುರುತು ಉಳಿಯುತ್ತದೆ. ಮುಟ್ಟಿದರೆ ಒಣಗಿದಂತೆ ತೋರಿದರೂ ಒಳಗೆ ತೇವವಿರಬಹುದಾದ್ದರಿಂದ ಆತುರಪಟ್ಟು ಸುತ್ತಬೇಡಿ. ಇಷ್ಟಾದ ಮೇಲೂ ವಾಸನೆ ಹೋಗದಿದ್ದರೆ, ಅಥವಾ ರಂಧ್ರಗಳೊಳಗೆ ಬೂಷ್ಟಿನ ಕಪ್ಪು ಚುಕ್ಕಿಗಳು ಕಂಡರೆ, ಅದನ್ನು ಬಿಸಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಮುಖವನ್ನು ಅಷ್ಟು ಸಮೀಪ ಇಟ್ಟು ದೀರ್ಘವಾಗಿ ಉಸಿರೆಳೆದುಕೊಳ್ಳುವ ವಸ್ತುವಿನ ವಿಷಯದಲ್ಲಿ ಉಳಿತಾಯ ಬೇಡ. ಬೂಷ್ಟು ಕಂಡ ಗಾಬರಿಯಲ್ಲಿ ಬ್ಲೀಚ್ ಮತ್ತು ವಿನಿಗರನ್ನು ಒಟ್ಟಿಗೆ ಬಳಸುವ ಸಾಹಸವನ್ನಂತೂ ಯಾರೂ ಮಾಡಬಾರದು, ಏಕೆಂದರೆ ಅವೆರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಪ್ರಶ್ನೆ: ಪಿವಿಸಿ ಮ್ಯಾಟನ್ನು ದಿನವೂ ಸ್ಯಾನಿಟೈಸರ್‌ನಿಂದ ಒರೆಸಬಹುದೇ?

ಉತ್ತರ: ಬೇಡ. ಗಡುಸಾದ ಪಿವಿಸಿಯನ್ನು ಮೆದುವಾಗಿಸಲು ಅದರಲ್ಲಿ ಬೆರೆಸಿರುವ ರಾಸಾಯನಿಕಗಳನ್ನು ಆಲ್ಕೋಹಾಲ್ ಕ್ರಮೇಣ ಹೊರಗೆಳೆಯುವುದರಿಂದ ಮ್ಯಾಟ್ ಗಟ್ಟಿಯಾಗುತ್ತಾ ಹೋಗುತ್ತದೆ. ಒಬ್ಬರೇ ಬಳಸುವ ಮ್ಯಾಟಿಗೆ ಒದ್ದೆ ಬಟ್ಟೆ ಸಾಕು.

ಪ್ರಶ್ನೆ: ಯೋಗದಲ್ಲಿ ಆಸರೆಗೆ ಬಳಸುವ ಬೋಲ್‌ಸ್ಟರ್ (ಒರಗುದಿಂಬು), ಬ್ಲಾಕ್ (ಇಟ್ಟಿಗೆಯಾಕಾರದ ತುಂಡು) ಮತ್ತು ಪಟ್ಟಿಗಳನ್ನು ಹೇಗೆ ತೊಳೆಯಬೇಕು?

ಉತ್ತರ: ಹತ್ತಿಯ ಪಟ್ಟಿಯನ್ನು ತಣ್ಣೀರಿನಲ್ಲಿ ಬಟ್ಟೆಯಂತೆಯೇ ಒಗೆಯಬಹುದು, ಲೋಹದ ಬಕಲ್ ಇದ್ದರೆ ಅದನ್ನು ಕೂಡಲೇ ಒರೆಸಿ ಒಣಗಿಸಿ. ಬೆಂಡಿನ ಬ್ಲಾಕನ್ನು ನೀರಿನಲ್ಲಿ ನೆನೆಸದೆ ಒರೆಸಿದರೆ ಸಾಕು. ಬೋಲ್‌ಸ್ಟರಿನ ಕವಚವನ್ನು ಮಾತ್ರ ಒಗೆಯಿರಿ. ಒಳಗಿರುವುದು ಹತ್ತಿಯಾಗಿದ್ದರೆ ಅದಕ್ಕೆ ಬಿಸಿಲು ಒಳ್ಳೆಯದು. ರಬ್ಬರಿಗೆ ಹೇಳಿದ ಎಚ್ಚರಿಕೆ ಇದಕ್ಕೆ ಅನ್ವಯಿಸುವುದಿಲ್ಲ. ಧಾನ್ಯದ ಹೊಟ್ಟು ತುಂಬಿದ್ದರೆ ಅದನ್ನು ಹೊರತೆಗೆದು ಹರಡಿ ಒಣಗಿಸಬೇಕೇ ಹೊರತು ತೊಳೆಯಬಾರದು.

ಪ್ರಶ್ನೆ: ಹಿಡಿತಕ್ಕೆಂದು ಹೂಪಿಗೆ ಸುತ್ತಿದ್ದ ಹಳೆಯ ಟೇಪು ಕಿತ್ತ ಮೇಲೆ ಉಳಿದ ಅಂಟು ಧೂಳನ್ನೆಲ್ಲ ಹಿಡಿಯುತ್ತಿದೆ. ಹೊಸ ಟೇಪು ಸುತ್ತಿದರೂ ಬೇಗ ಬಿಚ್ಚಿಕೊಳ್ಳುತ್ತಿದೆ. ಏನು ಮಾಡಲಿ?

ಉತ್ತರ: ಎರಡು ತೊಂದರೆಗಳಿಗೂ ಕಾರಣ ಒಂದೇ. ಹೂಪಿನ ಕೊಳವೆ ಸಾಮಾನ್ಯವಾಗಿ ಪಾಲಿಥಿಲೀನ್ ಅಥವಾ ಪಾಲಿಪ್ರೊಪಿಲೀನ್‌ನದು. ಇವುಗಳ ಮೇಲ್ಮೈಗೆ ಯಾವ ಅಂಟೂ ಸುಲಭವಾಗಿ ಹಿಡಿಯುವುದಿಲ್ಲ. ಹೀಗಿರುವಾಗ ಹಳೆಯ ಅಂಟು, ಬೆವರು ಅಥವಾ ಜಿಡ್ಡು ಸ್ವಲ್ಪ ಉಳಿದರೂ ಹೊಸ ಟೇಪಿಗೆ ನೆಲೆ ಸಿಗದು. ಹಳೆಯ ಟೇಪನ್ನು ಹೇರ್ ಡ್ರೈಯರಿನ ಕಡಿಮೆ ಶಾಖದಲ್ಲಿ ಮೆತ್ತಗೆ ಮಾಡಿಕೊಂಡು ನಿಧಾನವಾಗಿ ಎಳೆಯಿರಿ. ಉಳಿದ ಅಂಟಿಗೆ ಅಡುಗೆ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒರಟು ಬಟ್ಟೆಯಿಂದ ಉಜ್ಜಿದರೆ ಅದು ಸುರುಳಿಯಾಗಿ ಏಳುತ್ತದೆ. ಬಳಿಕ ಸಾಬೂನು ನೀರಿನಿಂದ ಎಣ್ಣೆಯನ್ನು ತೊಳೆದು, ಒಣಗಿಸಿ, ಕೊನೆಗೆ ಆಲ್ಕೋಹಾಲಿನಿಂದ ಒಮ್ಮೆ ಒರೆಸಿ. ಮ್ಯಾಟಿಗೆ ಬೇಡವೆಂದ ಆಲ್ಕೋಹಾಲು ಇಲ್ಲಿ ಉಪಯುಕ್ತ, ಏಕೆಂದರೆ ಈ ಎರಡು ಪ್ಲಾಸ್ಟಿಕ್‌ಗಳನ್ನು ಅದು ಕೆಡಿಸುವುದಿಲ್ಲ. ಟೇಪಿಲ್ಲದೆಯೂ ಹಿಡಿತ ಬೇಕೆನ್ನುವವರು ಒಳಬದಿಯನ್ನು ನಯವಾದ ಮರಳು ಕಾಗದದಿಂದ ಲಘುವಾಗಿ ಉಜ್ಜಿ, ಪುಡಿಯನ್ನು ಒರೆಸಿ ಬಳಸಬಹುದು. ನನಗೆ ಇದೇ ಹೆಚ್ಚು ಮೆಚ್ಚುಗೆ, ಏಕೆಂದರೆ ಕೊಳೆ ಸೇರುವ ಸಂದುಗಳೇ ಇರುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಮೊಳೆಗೆ ತೂಗುಹಾಕಿದ್ದ ಹೂಪ್ ಮೊಟ್ಟೆಯಾಕಾರಕ್ಕೆ ತಿರುಗಿದೆ. ಇನ್ನೊಂದು ಚಳಿಯಲ್ಲಿ ನೆಲಕ್ಕೆ ಬಿದ್ದು ಸೀಳಿತು. ಕಳಪೆ ಮಾಲೇ?

ಉತ್ತರ: ಮಾಲನ್ನು ದೂರಬೇಕಾಗಿಲ್ಲ. ಈ ಪ್ಲಾಸ್ಟಿಕ್‌ಗಳು ಶಾಖದಲ್ಲಿ ಮೆದುವಾಗಿ, ತಮ್ಮದೇ ಭಾರಕ್ಕೆ ನಿಧಾನವಾಗಿ ಬಾಗುತ್ತವೆ. ಉದ್ದವಾದ ಅಕ್ಷ ಅಡ್ಡಲಾಗುವಂತೆ ಹೂಪನ್ನು ಕಾಲು ಸುತ್ತು ತಿರುಗಿಸಿ ತೂಗುಹಾಕಿದರೆ ಅದೇ ಭಾರ ಅದನ್ನು ಬಹುಮಟ್ಟಿಗೆ ಹಿಂದಿನ ಆಕಾರಕ್ಕೆ ತರುತ್ತದೆ. ಮುಂದೆ ಸಮತಟ್ಟಾದ ಜಾಗದಲ್ಲಿ ಮಲಗಿಸಿಡಿ. ಸುರುಳಿ ಮಾಡಿ ಮಡಿಸುವ ಹೂಪನ್ನೂ ಋತುವಿಡೀ ಮಡಿಸಿದಂತೆಯೇ ಇಡಬಾರದು. ಸೀಳಿದ್ದು ಬಹುಶಃ ಪಾಲಿಪ್ರೊಪಿಲೀನ್. ಅದು ಸುಮಾರು 0 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಂತೆ ಪೆಡಸಾಗುತ್ತದೆ. ಪಾಲಿಥಿಲೀನ್ ಅಂಥ ಚಳಿಯಲ್ಲೂ ಬಾಗುವ ಗುಣ ಉಳಿಸಿಕೊಳ್ಳುತ್ತದೆ. 1958ರಲ್ಲಿ ವ್ಯಾಮ್-ಓ ಸಂಸ್ಥೆ ಮಾರುಕಟ್ಟೆಗೆ ತಂದ ಪ್ರಸಿದ್ಧ ಹೂಲಾ ಹೂಪ್ ಕೂಡ ಮಾರ್ಲೆಕ್ಸ್ ಎಂಬ ಪಾಲಿಥಿಲೀನ್‌ನಿಂದಲೇ ತಯಾರಾಗಿತ್ತು. ಚಳಿಗಾಲದ ಅಭ್ಯಾಸಕ್ಕೆ ಪಾಲಿಥಿಲೀನ್ ಹೂಪನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಎಲ್ಇಡಿ ಹೂಪನ್ನು ಕೆಲವು ತಿಂಗಳು ಎತ್ತಿಡಬೇಕಾಗಿದೆ. ಪೂರ್ತಿ ಚಾರ್ಜ್ ಮಾಡಿಡಲೇ?

ಉತ್ತರ: ಲಿಥಿಯಂ ಬ್ಯಾಟರಿ ದೀರ್ಘಕಾಲ ಪೂರ್ತಿ ತುಂಬಿರುವುದೂ ಪೂರ್ತಿ ಬರಿದಾಗಿರುವುದೂ ಅದಕ್ಕೆ ಹಾನಿ. ಸುಮಾರು ಅರ್ಧದಷ್ಟು ಚಾರ್ಜ್ ಇರುವಂತೆ ತಂಪಾದ ಒಣ ಜಾಗದಲ್ಲಿಟ್ಟು, ನಡುನಡುವೆ ಪರೀಕ್ಷಿಸಿ. ಕೊಳವೆಯನ್ನು ನೀರಿನಲ್ಲಿ ಅದ್ದದೆ ಒರೆಸಿ, ಜೋಡಣೆಯ ಭಾಗವನ್ನು ಒಣ ಬಟ್ಟೆಯಿಂದ ಶುಚಿಗೊಳಿಸಿ. ಬ್ಯಾಟರಿ ಉಬ್ಬಿದಂತೆ ಕಂಡರೆ ಮತ್ತೆ ಚಾರ್ಜಿಗೆ ಹಾಕದೆ, ಕಸದೊಂದಿಗೆ ಎಸೆಯದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.