ಸ್ಪ್ರೇ ಹೊಡೆಸಿದರೂ ತಿಗಣೆ ಯಾಕೆ ಮತ್ತೆ ಬರುತ್ತದೆ?
ಗಾಣಗಾಪುರದ ನಿಮ್ಮ ಲಾಡ್ಜ್‌ನಲ್ಲಿ ಒಮ್ಮೆ ಸ್ಪ್ರೇ ಹೊಡೆಸಿ, ರೂಮಿಗೆ ಬೀಗ ಹಾಕಿಟ್ಟರೂ ಮತ್ತೆ ತಿಗಣೆ ಬಂತು ಅಂತ ಕೇಳಿದ್ದೀರಿ. ಸ್ಪ್ರೇಗೆ ಮೊಟ್ಟೆ ಅಷ್ಟು ಸುಲಭಕ್ಕೆ ಸಾಯಲ್ಲ. ಒಂದೆರಡು ವಾರದಲ್ಲಿ ಮರಿ ಹೊರಬರುತ್ತದೆ, ಆಗ ಇನ್ನೊಮ್ಮೆ ಹೊಡೆಸಲೇಬೇಕು. ಬೀಗದಿಂದಂತೂ ಪ್ರಯೋಜನ ಇಲ್ಲ, ರಕ್ತ ಸಿಗದಿದ್ದರೂ ಅವು ತಿಂಗಳುಗಟ್ಟಲೆ ಬದುಕುತ್ತವೆ.

ಮೊದಲು ಹಾಸಿಗೆಯ ಹೊಲಿಗೆ ಅಂಚನ್ನು ಬೆರಳಲ್ಲಿ ಬಿಡಿಸಿ, ಟಾರ್ಚ್ ಹಾಕಿ ನೋಡಿ. ಮಸಿ ಚುಕ್ಕಿ ಥರ ಕಪ್ಪು ಕಲೆ ಕಂಡರೆ ಅಲ್ಲೇ ಇವೆ ಅಂತ ಲೆಕ್ಕ. ಮಂಚದ ಸ್ಕ್ರೂ ತೂತು, ತಲೆ ಕಡೆಯ ಹಲಗೆಯ ಹಿಂಭಾಗವನ್ನೂ ಬಿಡಬೇಡಿ. ಚಾದರಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಸಿ. ನಮ್ಮ ಕಲಬುರಗಿ ಬಿಸಿಲೇ ಸಾಕಲ್ವಾ ಅಂತೀರಾ? ಸುಮ್ನೆ ನಂಬಬೇಡಿ. ಹಾಸಿಗೆಯ ಮೇಲ್ಭಾಗ ಕಾದರೂ ಒಳಗಿನವು ಆರಾಮಾಗಿರುತ್ತವೆ. ಸೀಮೆಎಣ್ಣೆ ಮಾತ್ರ ಬೇಡವೇ ಬೇಡ, ಬೆಂಕಿ ಹತ್ತಿದರೆ ಕಷ್ಟ.