ಇಂಟರ್‌ಕನೆಕ್ಟ್ ಮಾಡೆಲ್‌ನ ರೆಫರೆನ್ಸ್ ಅನ್ನು ನೋಡ್ 0ಗೆ ಕಟ್ಟಬಹುದೇ?

ಪ್ರಶ್ನೆ ದಾವಣಗೆರೆಯ ಲ್ಯಾಬೊಂದರದು: ಸರ್ಕ್ಯೂಟ್ ಸಿಮ್ಯುಲೇಟರಿನಲ್ಲಿ ಪ್ಯಾಕೇಜಿನ (ಚಿಪ್ಪನ್ನು ಬೋರ್ಡಿಗೆ ಜೋಡಿಸುವ ಇಂಟರ್‌ಕನೆಕ್ಟ್) ನಾಲ್ಕು ಪೋರ್ಟಿನ ಎಸ್-ಪ್ಯಾರಾಮೀಟರ್ ಮಾಡೆಲ್, ಅಂದರೆ ಸಿಗ್ನಲ್ ಎಷ್ಟು ದಾಟುತ್ತದೆ, ಎಷ್ಟು ಹಿಂತಿರುಗುತ್ತದೆ ಎಂಬ ಲೆಕ್ಕ, ಹಾಕಿ, ಪೋರ್ಟ್ ವೋಲ್ಟೇಜ್ ಅಳೆಯುವ ಆಧಾರವಾದ ರೆಫರೆನ್ಸ್ ಅನ್ನು ಸಿಮ್ಯುಲೇಟರಿನ ಸೊನ್ನೆ ವೋಲ್ಟ್ ಬಿಂದುವಾದ ನೋಡ್ 0ಗೆ ಕಟ್ಟಿದೊಡನೆ ಗ್ರೌಂಡ್ ಬೌನ್ಸ್ (ಕರೆಂಟ್ ಬದಲಾದಾಗ ಚಿಪ್ಪಿನ ಗ್ರೌಂಡ್ ವೋಲ್ಟೇಜ್ ಅಲುಗುವುದು) ಮಾಯ, ಏಕೆ?

ನಾಲ್ಕು ಪೋರ್ಟಿಗೆ ಟರ್ಮಿನಲ್ ಐದು, ಕೊನೆಯದು ರೆಫರೆನ್ಸ್. ಅದು 0ಗೆ ಹೋದರೆ ವಾಪಸ್ ಕರೆಂಟ್ ವಿಎಸ್‌ಎಸ್ (ಚಿಪ್ಪಿನ ಗ್ರೌಂಡ್) ಪಿನ್ನಿನ ಇಂಡಕ್ಟೆನ್ಸ್ ಮುಟ್ಟದೆ ಅಡ್ಡದಾರಿ ಹಿಡಿಯುತ್ತದೆ. ಆ ಪಿನ್ನಿನ ಇಂಡಕ್ಟೆನ್ಸ್ 1 ನ್ಯಾನೋಹೆನ್ರಿ, 0.5 ನ್ಯಾನೋಸೆಕೆಂಡಿನಲ್ಲಿ 20 ಮಿಲಿಆಂಪ್ ಏರಿಕೆ ಎಂದರೆ 40 ಮಿಲಿವೋಲ್ಟ್; ಅದೇ ಪಿನ್ ಹಂಚಿಕೊಂಡ ಎಂಟು ಡ್ರೈವರ್ ಒಟ್ಟಿಗೆ ಬದಲಾದರೆ 320. ಅಷ್ಟೂ ಪ್ಲಾಟಿನಲ್ಲಿ ಕಾಣುವುದಿಲ್ಲ.

ಪೋರ್ಟಿನ ಮೈನಸ್ ತುದಿಯನ್ನು ಯಾವ ಗ್ರೌಂಡಿನಲ್ಲಿಟ್ಟು ಮಾಡೆಲ್ ತೆಗೆದರೋ ರೆಫರೆನ್ಸ್ ಅಲ್ಲಿಗೇ ಹೋಗಲಿ (ಚಿತ್ರದುರ್ಗದ ಕೋಟೆಯ ಎತ್ತರ ಬುಡದಿಂದಲೋ ಸಮುದ್ರಮಟ್ಟದಿಂದಲೋ ಎಂದ ಹಾಗೆ). ನೋಡ್ 0 ಬೋರ್ಡ್ ಗ್ರೌಂಡಿನಲ್ಲಿ ಒಂದೇ ಕಡೆ ಸಾಕು. ಹಾಗೆಂದು ರೆಫರೆನ್ಸ್ ತೇಲಲು ಬಿಟ್ಟರೆ ಡಿಸಿ ದಾರಿ ಸಿಗದೆ ಸಿಮ್ಯುಲೇಟರ್ ತಕರಾರು ತೆಗೆಯುತ್ತದೆ. ಚಿಪ್, ಬೋರ್ಡ್ ಎರಡೂ ತುದಿಗಳ ಗ್ರೌಂಡ್ ವ್ಯತ್ಯಾಸವೇ ಬೇಕಿದ್ದರೆ ವಿಎಸ್‌ಎಸ್‌ಗೂ ಪೋರ್ಟ್ ಕೊಟ್ಟು ಮಾಡೆಲ್ ಮತ್ತೆ ತೆಗೆಯಬೇಕು.